ಚಾಲನಾಕಾಲದ ಭಾಗಶಃ ಮರುಸಂರಚನೆ

ಸಂರಚಿಸಬಹುದಾದ ಡಿಜಿಟಲ್ ಚಿಪ್ ಒಂದು ಕೆಲಸ ಮಾಡುತ್ತಿರುವಾಗಲೇ, ಅದರ ಉಳಿದ ಭಾಗಕ್ಕೆ ತಡೆಯಾಗದಂತೆ, ಗೊತ್ತುಪಡಿಸಿದ ಒಂದು ವಲಯದ ಮಂಡಲವನ್ನು ಅಳಿಸಿ ಅದೇ ಜಾಗದಲ್ಲಿ ಬೇರೊಂದು ಮಂಡಲವನ್ನು ಮೂಡಿಸುವ ವಿಧಾನಕ್ಕೆ ಚಾಲನಾಕಾಲದ ಭಾಗಶಃ ಮರುಸಂರಚನೆ ಎಂದು ಹೆಸರು. ಸಾಮಾನ್ಯ ಪ್ರೊಸೆಸರ್‌ನಲ್ಲಿ ಪ್ರೋಗ್ರಾಂ ಬದಲಾದಾಗ ಬದಲಾಗುವುದು ಆದೇಶಗಳ ಸಾಲು ಮಾತ್ರ, ಅವನ್ನು ನಡೆಸುವ ಯಂತ್ರ ಹಾಗೆಯೇ ಉಳಿಯುತ್ತದೆ. ಇಲ್ಲಿ ಯಂತ್ರವೇ ಬದಲಾಗುತ್ತದೆ. ಒಂದು ಚಿಕ್ಕ ಚಿಪ್‌ನಲ್ಲಿ, ಬೇಕಾದಾಗ ಬೇಕಾದ ಮಂಡಲವನ್ನು ಮಾತ್ರ ಇರಿಸಿಕೊಂಡು, ದೊಡ್ಡ ಚಿಪ್‌ನ ಕೆಲಸ ತೆಗೆಯಬಹುದೆಂಬ ನಿರೀಕ್ಷೆ 1990ರ ದಶಕದಿಂದಲೂ ಈ ವಿಷಯದ ಬೆನ್ನಿಗಿದೆ. ಆ ನಿರೀಕ್ಷೆ ಈಡೇರಿರುವುದು ಅರ್ಧದಷ್ಟು ಮಾತ್ರ, ಏಕೆಂದರೆ ಸಿಲಿಕಾನ್‌ಗೆ ಈ ಶಕ್ತಿ ಬಂದು ದಶಕಗಳೇ ಕಳೆದರೂ, ಬದಲಾವಣೆಯನ್ನು ಚಿಪ್‌ಗೆ ತಿಳಿಸಲು ಬೇಕಾಗುವ ಮಾಹಿತಿಯ ಗಾತ್ರ ಅದರ ವೇಗವನ್ನೂ ವೆಚ್ಚವನ್ನೂ ಬಳಕೆಯ ಸುಲಭತೆಯನ್ನೂ ಕಟ್ಟಿಹಾಕಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ರಿಡಿಫೈನ್ ಎಂಬ ವಾಸ್ತುರಚನೆ ಈ ಗಾತ್ರದ ಸಮಸ್ಯೆಗೇ ಕೊಟ್ಟ ಒಂದು ಉತ್ತರವಾದ್ದರಿಂದ, ಅದನ್ನು ಮುಂದೆ ವಿವರವಾಗಿ ನೋಡಲಾಗಿದೆ.

ಎಫ್‌ಪಿಜಿಎಯ ಒಳರಚನೆ

ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಬಳಕೆದಾರರು ತಮಗೆ ಬೇಕಾದ ಮಂಡಲವನ್ನು ತುಂಬಿಕೊಳ್ಳಬಹುದಾದ ಚಿಪ್‌ಗಳಲ್ಲಿ ಎಫ್‌ಪಿಜಿಎ ಮುಖ್ಯವಾದದ್ದು. 1984ರಲ್ಲಿ ಅಮೆರಿಕದಲ್ಲಿ ಆರಂಭವಾದ ಜೈಲಿಂಕ್ಸ್ ಕಂಪನಿ ಮರುವರ್ಷ ಹೊರತಂದ ಎಕ್ಸ್‌ಸಿ2064 ಈ ಜಾತಿಯ ಮೊದಲ ವಾಣಿಜ್ಯ ಚಿಪ್ ಎಂದು ಎಣಿಸಲ್ಪಡುತ್ತದೆ. ಅದರಲ್ಲಿ 64 ತರ್ಕಘಟಕಗಳಿದ್ದು, ಇಡೀ ಚಿಪ್‌ನ ಮಂಡಲವನ್ನು ನಿರ್ಧರಿಸಲು 12,038 ಬಿಟ್‌ಗಳು ಸಾಕಾಗುತ್ತಿದ್ದವು. ಇಂದು ಪ್ರಯೋಗಾಲಯಗಳಲ್ಲಿ ಬಹಳವಾಗಿ ಬಳಕೆಯಾಗುವ ಮಧ್ಯಮ ಗಾತ್ರದ ಜಿಂಕ್ 7020 ಚಿಪ್‌ಗೆ ಅದೇ ಕೆಲಸಕ್ಕೆ 3 ಕೋಟಿ 23 ಲಕ್ಷಕ್ಕೂ ಹೆಚ್ಚು ಬಿಟ್‌ಗಳು, ಅಂದರೆ ಸುಮಾರು 4 ಮೆಗಾಬೈಟ್ ಮಾಹಿತಿ ಬೇಕು.

ತರ್ಕಘಟಕದ ಒಳಗಿರುವುದು ಲುಕಪ್ ಟೇಬಲ್ ಎಂಬ ಚಿಕ್ಕ ಕೋಷ್ಟಕ. ನಾಲ್ಕು ಇನ್‌ಪುಟ್‌ಗಳ ಕೋಷ್ಟಕಕ್ಕೆ 16 ಮನೆಗಳಿರುತ್ತವೆ. ಇನ್‌ಪುಟ್‌ಗಳ ಪ್ರತಿಯೊಂದು ಜೋಡಣೆಯೂ ಒಂದೊಂದು ಮನೆಯನ್ನು ತೋರಿಸುತ್ತದೆ, ಆ ಮನೆಯಲ್ಲಿ ಬರೆದಿಟ್ಟ ಸೊನ್ನೆ ಅಥವಾ ಒಂದು ಹೊರಬರುತ್ತದೆ. ಕೊನೆಯ ಮನೆಯಲ್ಲಿ ಮಾತ್ರ ಒಂದು ಬರೆದರೆ ಅದು ನಾಲ್ಕು ಇನ್‌ಪುಟ್‌ಗಳ ‘ಆಂಡ್’ ಗೇಟ್ ಆಗುತ್ತದೆ. ಮೊದಲ ಮನೆಯಲ್ಲಿ ಮಾತ್ರ ಸೊನ್ನೆ ಇರಿಸಿ ಉಳಿದೆಲ್ಲದರಲ್ಲಿ ಒಂದು ಬರೆದರೆ ‘ಆರ್’ ಗೇಟ್ ಆಗುತ್ತದೆ. ಹೀಗೆ ಒಂದೇ ಸಿಲಿಕಾನ್ ತುಣುಕು ಒಂದು ಗೇಟಿನಿಂದ ಇನ್ನೊಂದಕ್ಕೆ ಬದಲಾಗಲು ವ್ಯತ್ಯಾಸವಾಗಬೇಕಾದದ್ದು 14 ಬಿಟ್‌ಗಳು ಮಾತ್ರ. ಈ ಕೋಷ್ಟಕಗಳ ಜೊತೆಗೆ ಸ್ಥಿತಿಯನ್ನು ಹಿಡಿದಿಡುವ ಫ್ಲಿಪ್‌ಫ್ಲಾಪ್‌ಗಳು, ಮೆಮೊರಿ ತುಂಡುಗಳು, ಗುಣಾಕಾರದ ಘಟಕಗಳು ಚಿಪ್‌ನ ಉದ್ದಗಲಕ್ಕೂ ಹರಡಿಕೊಂಡಿದ್ದು, ಇವೆಲ್ಲವನ್ನೂ ಪರಸ್ಪರ ಸೇರಿಸುವ ತಂತಿಜಾಲದ ಪ್ರತಿಯೊಂದು ಸಂಧಿಯಲ್ಲೂ ವಿದ್ಯುತ್ ಸ್ವಿಚ್‌ಗಳಿರುತ್ತವೆ. ಯಾವ ಸ್ವಿಚ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು, ಯಾವ ಕೋಷ್ಟಕದಲ್ಲಿ ಏನಿರಬೇಕು ಎಂಬುದನ್ನೆಲ್ಲ ಹಿಡಿದಿಟ್ಟುಕೊಳ್ಳುವ ಬಿಟ್‌ಗಳ ಸಮೂಹವೇ ಸಂರಚನಾ ಸ್ಮೃತಿ. ಅದಕ್ಕೆ ಹೊರಗಿನಿಂದ ಸುರಿಯುವ ಮಾಹಿತಿಯ ಸಾಲಿಗೆ ಬಿಟ್‌ಸ್ಟ್ರೀಮ್ ಎಂದು ಹೆಸರು. ಒಮ್ಮೆ ಬರೆದರೆ ಮತ್ತೆ ಬದಲಾಗದ ಆಂಟಿಫ್ಯೂಸ್ ಮಾದರಿಯ ಚಿಪ್‌ಗಳಲ್ಲಿ ಮರುಸಂರಚನೆಯ ಮಾತೇ ಇಲ್ಲ. ಎಸ್‌ರ್‍ಯಾಮ್ ಕೋಶಗಳಿಂದಾದ ಸ್ಮೃತಿಯುಳ್ಳ ಚಿಪ್‌ಗಳು, ವಿದ್ಯುತ್ ಹೋದೊಡನೆ ಎಲ್ಲವನ್ನೂ ಮರೆಯುವ ದೌರ್ಬಲ್ಯದ ಜೊತೆಗೇ, ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಸಿಕೊಳ್ಳುವ ಗುಣವನ್ನು ಪಡೆದಿವೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಎಚ್‌ಡಿಎಲ್ (ಯಂತ್ರಾಂಶ ವಿವರಣಾ ಭಾಷೆ) ಪ್ರಯೋಗಾಲಯದಲ್ಲಿ ಕಲಿಯುವುದು ಈ ಎರಡನೆಯ ಜಾತಿಯ ಚಿಪ್‌ಗಳ ಮೇಲೆ, ಆದರೆ ಮರುಸಂರಚನೆಯ ಅತ್ಯಂತ ಸರಳ ರೂಪದಲ್ಲಿ. ಸುರಪುರದ ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜಿನಂಥ ಸಂಯೋಜಿತ ಕಾಲೇಜಿನ ವಿದ್ಯಾರ್ಥಿಯಾಗಲಿ ಬೆಂಗಳೂರಿನ ವಿದ್ಯಾರ್ಥಿಯಾಗಲಿ, ಸ್ಟೆಪರ್ ಮೋಟಾರಿನ ದಿಕ್ಕನ್ನು ನಿಯಂತ್ರಿಸುವ ಕೋಡನ್ನು ವೆರಿಲಾಗ್ ಎಂಬ ಅಂಥ ಭಾಷೆಯಲ್ಲಿ ಬರೆದು, ಅದನ್ನು ಕೇಬಲ್ ಮೂಲಕ ಕಿಟ್‌ಗೆ ಇಳಿಸಿ, ಅನಂತರ ಏಳು ರೇಖೆಗಳ ಡಿಸ್‌ಪ್ಲೇ ಪ್ರಯೋಗದ ಕೋಡ್ ಇಳಿಸಿದಾಗ ಹಳೆಯ ಮಂಡಲ ಪೂರ್ತಿಯಾಗಿ ಅಳಿದುಹೋಗುತ್ತದೆ, ಮೋಟಾರು ನಿಂತುಬಿಡುತ್ತದೆ. ಮೋಟಾರು ತಿರುಗುತ್ತಿರುವಂತೆಯೇ ಡಿಸ್‌ಪ್ಲೇಯ ಮಂಡಲವನ್ನಷ್ಟೇ ಬದಲಿಸಬೇಕೆಂದರೆ ಬೇಕಾಗುವುದು ಭಾಗಶಃ ಮರುಸಂರಚನೆ. ಪಠ್ಯದ ಪ್ರಯೋಗಕ್ಕೂ ಇದಕ್ಕೂ ನಡುವೆ ಇರುವ ಅಂತರ ಮಾತಿನಲ್ಲಿ ಒಂದು ಹೆಜ್ಜೆ, ಕೆಲಸದಲ್ಲಿ ಬಹುದೂರ.

ಸ್ಥಿರ ಭಾಗ, ಬದಲಾಗುವ ಭಾಗ

ಭಾಗಶಃ ಮರುಸಂರಚನೆಗೆಂದು ರೂಪಿಸಿದ ವಿನ್ಯಾಸದಲ್ಲಿ ಚಿಪ್‌ನ ನೆಲವನ್ನು ಮೊದಲೇ ಎರಡಾಗಿ ಹಂಚಲಾಗುತ್ತದೆ. ಹೊರಗಿನ ಸಂಪರ್ಕ, ಮೆಮೊರಿಯ ನಿಯಂತ್ರಣ, ಕ್ಲಾಕ್ ಮುಂತಾಗಿ ಎಂದಿಗೂ ನಿಲ್ಲಬಾರದ ಮಂಡಲಗಳು ಸ್ಥಿರ ಭಾಗದಲ್ಲಿರುತ್ತವೆ. ಉಳಿದ ಒಂದೋ ಹಲವೋ ಆಯತಾಕಾರದ ವಲಯಗಳನ್ನು ಬದಲಾಗುವ ಮಂಡಲಗಳಿಗಾಗಿ ಮೀಸಲಿಡಲಾಗುತ್ತದೆ. ಒಂದು ವಲಯಕ್ಕೆ ಸರದಿಯ ಮೇಲೆ ಬಂದು ಕೂರುವ ಮಂಡಲಗಳಿಗೆ ಮಾಡ್ಯೂಲ್ ಎನ್ನುತ್ತಾರೆ.

ಶಹಾಪುರ ತಾಲೂಕಿನ ವನದುರ್ಗದಿಂದ ಸುರಪುರದವರೆಗಿನ ಸೀಮೆಯಲ್ಲಿ ಚಿರಪರಿಚಿತವಾದ ನಾರಾಯಣಪುರ ಎಡದಂಡೆ ಕಾಲುವೆಯ ಏರ್ಪಾಟು ಇದನ್ನು ಗ್ರಹಿಸಲು ನೆರವಾಗುತ್ತದೆ. ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಹೊರಟ ನೀರು ಶಹಾಪುರ ಶಾಖಾ ಕಾಲುವೆಯೇ ಮೊದಲಾದ ಶಾಖೆಗಳಿಗೆ, ಅಲ್ಲಿಂದ ವಿತರಣಾ ಕಾಲುವೆಗಳಿಗೆ, ಕೊನೆಗೆ ಹೊಲಗಾಲುವೆಗಳಿಗೆ ಹಂಚಿಹೋಗುತ್ತದೆ. ಒಂದು ವಿತರಣಾ ಕಾಲುವೆಯ ಜಾಡನ್ನು ಬದಲಿಸಬೇಕಾದರೆ ಅದರ ತಲೆಯಲ್ಲಿರುವ ಗೇಟನ್ನು ಇಳಿಸಿದರೆ ಸಾಕು, ಶಾಖಾ ಕಾಲುವೆಯನ್ನೇ ಬಂದ್ ಮಾಡಬೇಕಿಲ್ಲ. ಆದರೆ ಗೇಟು ಸರಿಯಾಗಿ ಕೂರದಿದ್ದರೆ ಅರ್ಧ ಅಗೆದ ಜಾಡಿಗೆ ನೀರು ನುಗ್ಗುತ್ತದೆ, ಹೊಸ ಕಾಲುವೆಯ ಬಾಯಿ ಹಳೆಯ ಗೇಟು ಇದ್ದಲ್ಲಿಗೇ ಬಂದು ಸೇರದಿದ್ದರೆ ನೀರೇ ಸಿಗುವುದಿಲ್ಲ. ಚಿಪ್‌ನಲ್ಲಿಯೂ ಕಷ್ಟವಿರುವುದು ಈ ಎರಡು ಕಡೆಯಲ್ಲೇ. ಹೊಸ ಬಿಟ್‌ಗಳು ಬಂದು ತುಂಬುತ್ತಿರುವಾಗ ವಲಯದ ಒಳಗಿನ ಮಂಡಲ ಅರ್ಧ ಹಳೆಯದೂ ಅರ್ಧ ಹೊಸದೂ ಆಗಿರುವುದರಿಂದ ಅದರ ಔಟ್‌ಪುಟ್ ತಂತಿಗಳಲ್ಲಿ ಅರ್ಥವಿಲ್ಲದ ಸಂಕೇತಗಳು ಹೊರಬೀಳುತ್ತವೆ; ಅವು ಸ್ಥಿರ ಭಾಗದಲ್ಲಿ ಹಲವು ಘಟಕಗಳು ಹಂಚಿಕೊಳ್ಳುವ ತಂತಿಗಳ ಸಮೂಹವಾದ ಬಸ್ ಒಂದಕ್ಕೆ ತಲುಪಿದರೆ ಇಡೀ ವ್ಯವಸ್ಥೆ ಸಿಕ್ಕಿಬೀಳಬಹುದು. ಆದ್ದರಿಂದ ಮರುಸಂರಚನೆಗೆ ಮುಂಚೆ ಎಲ್ಲೆಯ ತಂತಿಗಳನ್ನು ಗೊತ್ತಾದ ಬೆಲೆಗೆ ಕಟ್ಟಿಹಾಕಿ, ಮುಗಿದ ಮೇಲೆ ಹೊಸ ಮಾಡ್ಯೂಲಿನ ಫ್ಲಿಪ್‌ಫ್ಲಾಪ್‌ಗಳನ್ನೆಲ್ಲ ಆರಂಭಸ್ಥಿತಿಗೆ ತಂದು, ಆಮೇಲಷ್ಟೇ ಕಟ್ಟನ್ನು ಬಿಡಿಸುವ ಚಿಕ್ಕ ಮಂಡಲವೊಂದು ಎಲ್ಲೆಯಲ್ಲಿ ಇರಲೇಬೇಕು. ಹಾಗೆಯೇ ಒಂದು ವಲಯಕ್ಕೆ ಬರುವ ಎಲ್ಲ ಮಾಡ್ಯೂಲ್‌ಗಳೂ ಒಂದೇ ಸಂಖ್ಯೆಯ ತಂತಿಗಳನ್ನು ಒಂದೇ ಜಾಗದಲ್ಲಿ ಸೇರಬೇಕು. 2000ದ ದಶಕದ ಆರಂಭದಲ್ಲಿ ಇದಕ್ಕಾಗಿ ವಿನ್ಯಾಸಕರು ಬಸ್ ಮ್ಯಾಕ್ರೋ ಎಂಬ ಸಿದ್ಧ ತುಣುಕುಗಳನ್ನು ಕೈಯಾರೆ ಎಲ್ಲೆಯ ಮೇಲೆ ಕೂರಿಸುತ್ತಿದ್ದರು. ಈಗ ವಿನ್ಯಾಸದ ಸಾಫ್ಟ್‌ವೇರೇ ಸೇರುವ ಬಿಂದುಗಳನ್ನು ಗೊತ್ತುಮಾಡಿ ಎಲ್ಲ ಮಾಡ್ಯೂಲ್‌ಗಳಿಗೂ ಅನ್ವಯಿಸುತ್ತದೆ.

ಇತಿಹಾಸ

ಸ್ಥಿರವಾದ ಗಣಕಕ್ಕೆ ಬದಲಾಗಬಲ್ಲ ಯಂತ್ರಾಂಶವನ್ನು ಜೋಡಿಸುವ ವಿಚಾರವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಜೆರಾಲ್ಡ್ ಎಸ್ಟ್ರಿನ್ 1960ರಲ್ಲೇ ಮಂಡಿಸಿದ್ದರು. ಆಗ ಬದಲಾವಣೆಯನ್ನು ಕೈಯಿಂದಲೇ ಮಾಡಬೇಕಿತ್ತು. ಚಿಪ್‌ನೊಳಗೆ ಇದು ಸಾಧ್ಯವಾದದ್ದು ಎಡಿನ್‌ಬರೋದ ಆಲ್ಗೊಟ್ರಾನಿಕ್ಸ್ ಕಂಪನಿಯ ಕೆಲಸದಿಂದ. ಜೈಲಿಂಕ್ಸ್ ಅದನ್ನು 1993ರಲ್ಲಿ ಕೊಂಡುಕೊಂಡು, ಆ ಅಡಿಪಾಯದ ಮೇಲೆ ಎಕ್ಸ್‌ಸಿ6200 ಸರಣಿಯನ್ನು ತಂದಿತು. ಆ ಚಿಪ್‌ನ ಸಂರಚನಾ ಸ್ಮೃತಿಯನ್ನು ಪ್ರೊಸೆಸರ್ ತನ್ನ ಸಾಮಾನ್ಯ ಮೆಮೊರಿಯಂತೆಯೇ ವಿಳಾಸ ಕೊಟ್ಟು ಬೇಕಾದ ಕಡೆ ಬರೆಯಬಹುದಾಗಿತ್ತು, ಬಿಟ್‌ಗಳ ಅರ್ಥವೂ ಬಹಿರಂಗವಾಗಿತ್ತು. ಸಂಶೋಧಕರು ಅದನ್ನು ಮೆಚ್ಚಿದರೂ ಮಾರುಕಟ್ಟೆ ಮೆಚ್ಚಲಿಲ್ಲ, 1990ರ ದಶಕದ ಕೊನೆಗೆ ಸರಣಿ ನಿಂತಿತು. ಬಿಟ್‌ಗಳ ಅರ್ಥವನ್ನು ಬಹಿರಂಗಪಡಿಸುವ ರೂಢಿಯೂ ಅದರೊಂದಿಗೇ ಹೋಯಿತು, ಈ ಕ್ಷೇತ್ರಕ್ಕೆ ಆದ ನಷ್ಟಗಳಲ್ಲಿ ಅದು ಸಣ್ಣದಲ್ಲ. 1995ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮೈಕೆಲ್ ವರ್ತ್‌ಲಿನ್ ಮತ್ತು ಬ್ರಾಡ್ ಹಚಿಂಗ್ಸ್, ಪ್ರೋಗ್ರಾಂ ಕೇಳಿದಾಗ ಆಯಾ ಆದೇಶದ ಮಂಡಲವನ್ನು ಚಿಪ್‌ಗೆ ತಂದುಕೊಳ್ಳುವ ಡಿಸ್ಕ್ ಎಂಬ ಪ್ರೊಸೆಸರನ್ನು ಕಟ್ಟಿ ತೋರಿಸಿದರು.

ವ್ಯಾಪಕ ಬಳಕೆಗೆ ದಾರಿಯಾದದ್ದು 1998ರಲ್ಲಿ ಬಂದ ವರ್ಟೆಕ್ಸ್ ಸರಣಿ. ಅದರ ಮುಂದಿನ ವರ್ಟೆಕ್ಸ್-2ರಲ್ಲಿ ಐಕ್ಯಾಪ್ ಎಂಬ ಒಳದ್ವಾರವನ್ನು ಅಳವಡಿಸಲಾಯಿತು. ಇದರಿಂದ ಹೊರಗಿನ ಸಾಧನದ ಹಂಗಿಲ್ಲದೆ ಚಿಪ್‌ನ ಸ್ಥಿರ ಭಾಗವೇ ತನ್ನ ಬದಲಾಗುವ ಭಾಗಕ್ಕೆ ಹೊಸ ಬಿಟ್‌ಗಳನ್ನು ಬರೆಯುವುದು ಸಾಧ್ಯವಾಯಿತು. ಆ ಚಿಪ್‌ಗಳಲ್ಲಿ ಬದಲಾವಣೆಯ ಕನಿಷ್ಠ ಅಳತೆ ಚಿಪ್‌ನ ಮೇಲಿನಿಂದ ಕೆಳತನಕದ ಇಡೀ ಕಂಬಸಾಲು ಆಗಿತ್ತು, 2004ರ ವರ್ಟೆಕ್ಸ್-4ರಲ್ಲಿ ಅದು 16 ತರ್ಕಘಟಕಗಳ ಎತ್ತರಕ್ಕೆ ಇಳಿದ ಮೇಲೆ ಮನಬಂದ ಆಯತಗಳನ್ನು ವಲಯಗಳಾಗಿ ಗುರುತಿಸಲು ಸಾಧ್ಯವಾಯಿತು. ಇನ್ನೊಂದು ದೊಡ್ಡ ತಯಾರಕ ಸಂಸ್ಥೆಯಾದ ಆಲ್ಟೆರಾ ಈ ಸೌಲಭ್ಯವನ್ನು ಸ್ಟ್ರಾಟಿಕ್ಸ್-5ರ ಕಾಲಕ್ಕೆ ಒದಗಿಸಿತು. 2022ರಲ್ಲಿ ಎಎಮ್‌ಡಿಯ ಪಾಲಾದ ಜೈಲಿಂಕ್ಸ್‌ನ ಸಾಫ್ಟ್‌ವೇರಿನಲ್ಲಿ ಈ ವಿಧಾನ ಈಗ ಡೈನಮಿಕ್ ಫಂಕ್ಷನ್ ಎಕ್ಸ್‌ಚೇಂಜ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಬಿಟ್‌ಗಳ ಭಾರ

ಸಂರಚನಾ ಸ್ಮೃತಿಯಲ್ಲಿ ಒಂದು ಸಲಕ್ಕೆ ಬರೆಯಬಹುದಾದ ಅತಿ ಚಿಕ್ಕ ತುಣುಕಿಗೆ ಫ್ರೇಮ್ ಎನ್ನುತ್ತಾರೆ. ಜೈಲಿಂಕ್ಸ್‌ನ 7ನೆಯ ಸರಣಿಯಲ್ಲಿ ಒಂದು ಫ್ರೇಮ್ ಎಂದರೆ 32 ಬಿಟ್‌ಗಳ 101 ಪದಗಳು, ಒಟ್ಟು 3,232 ಬಿಟ್‌ಗಳು. ಅದು 50 ತರ್ಕಘಟಕಗಳ ಎತ್ತರದ ಒಂದು ಕಂಬಸಾಲನ್ನು ತೆಳುವಾಗಿ ಸೀಳಿದ ಪಟ್ಟಿಯೊಂದಕ್ಕೆ ಸಂಬಂಧಿಸಿರುತ್ತದೆ. ಇಡೀ ಸಾಲನ್ನು ಬರೆಯಲು 36 ಫ್ರೇಮ್‌ಗಳು ಬೇಕು. ಅಂದರೆ 50 ತರ್ಕಘಟಕಗಳ, ಒಟ್ಟು 400 ಲುಕಪ್ ಟೇಬಲ್‌ಗಳ ಒಂದು ಸಾಲಿಗೆ 1,16,352 ಬಿಟ್‌ಗಳಾದವು. ಆರು ಇನ್‌ಪುಟ್‌ಗಳ ಪ್ರತಿ ಕೋಷ್ಟಕಕ್ಕೆ 64 ಬಿಟ್‌ಗಳಂತೆ ಕೋಷ್ಟಕಗಳ ಒಳಗಿನ ತರ್ಕಕ್ಕೆ ಇದರಲ್ಲಿ ಸಲ್ಲುವುದು 25,600 ಬಿಟ್‌ಗಳು ಮಾತ್ರ, ಅಂದರೆ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಉಳಿದ ಬಹುಪಾಲು ತಂತಿಗಳ ಸ್ವಿಚ್‌ಗಳಿಗೆ ಹೋಗುತ್ತದೆ. ಎಫ್‌ಪಿಜಿಎಯಲ್ಲಿ ಮಂಡಲವನ್ನು ಬದಲಿಸುವುದೆಂದರೆ ಮುಖ್ಯವಾಗಿ ತಂತಿಗಳ ದಾರಿಯನ್ನು ಬದಲಿಸುವುದು ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಮೇಲೆ ಹೇಳಿದಂತೆ ಒಂದು ಗೇಟನ್ನು ಬದಲಿಸಲು 14 ಬಿಟ್‌ಗಳು ಸಾಕಾದರೂ, ಫ್ರೇಮ್‌ಗಿಂತ ಕಡಿಮೆ ಬರೆಯಲು ಅವಕಾಶವಿಲ್ಲದ ಕಾರಣ ಸಾವಿರಾರು ಬಿಟ್‌ಗಳನ್ನು ಕಳುಹಿಸಲೇಬೇಕು.

ಭಾಗಶಃ ಬಿಟ್‌ಸ್ಟ್ರೀಮ್ ಫೈಲನ್ನು ತೆರೆದು ನೋಡಿದರೆ, ಆರಂಭದಲ್ಲಿ ಎಲ್ಲ ಬಿಟ್‌ಗಳೂ ‘1’ ಆಗಿರುವ ತುಂಬುಪದಗಳು, ಅನಂತರ ಹದಿನಾರರ ಎಣಿಕೆಯಲ್ಲಿ ಎಎ995566 ಎಂಬ ಎಚ್ಚರಿಕೆಯ ಪದ ಕಾಣುತ್ತವೆ. ಈ ಪದ ಬಂದ ಮೇಲಷ್ಟೇ ಚಿಪ್ ಮುಂದಿನದನ್ನು ಆದೇಶಗಳೆಂದು ಓದತೊಡಗುತ್ತದೆ. ಬಳಿಕ ಫೈಲು ಇದೇ ಜಾತಿಯ ಚಿಪ್‌ಗೆ ಸೇರಿದ್ದೇ ಎಂಬ ಗುರುತಿನ ಪರೀಕ್ಷೆ, ಬರೆಯಬೇಕಾದ ಮೊದಲ ಫ್ರೇಮಿನ ವಿಳಾಸ, ಫ್ರೇಮ್‌ಗಳ ಉದ್ದನೆಯ ಸಾಲು, ಮಾಹಿತಿ ಕೆಟ್ಟಿಲ್ಲವೆಂದು ಖಚಿತಪಡಿಸುವ ತಾಳೆಸಂಖ್ಯೆ, ಕೊನೆಗೆ ಆದೇಶಗಳನ್ನು ಓದುವುದನ್ನು ನಿಲ್ಲಿಸುವ ಸೂಚನೆ. ಬದಲಾಗುವ ವಲಯದ ಮೂಲಕ ಹಾದುಹೋಗುವ ಸ್ಥಿರ ಭಾಗದ ತಂತಿಗಳ ಬಿಟ್‌ಗಳೂ ಇದೇ ಫ್ರೇಮ್‌ಗಳಲ್ಲಿ ಸೇರಿರುತ್ತವೆ. ಹಳೆಯ ಬೆಲೆಯ ಮೇಲೆ ಅದೇ ಬೆಲೆಯನ್ನು ಮತ್ತೆ ಬರೆದಾಗ ಸ್ವಿಚ್ ಅಲುಗದಂತೆ ಸಿಲಿಕಾನನ್ನು ರೂಪಿಸಿರುವುದರಿಂದ ಆ ತಂತಿಗಳಲ್ಲಿ ಸಂಕೇತಗಳು ಕಡಿಯದೆ ಹರಿಯುತ್ತವೆ. ಇಡೀ ವಿಧಾನ ನಿಂತಿರುವುದೇ ಈ ಸಣ್ಣ ಗುಣದ ಮೇಲೆ.

ಐಕ್ಯಾಪ್ ಒಂದು ಕ್ಲಾಕ್ ಬಡಿತಕ್ಕೆ 32 ಬಿಟ್‌ಗಳನ್ನು ಸ್ವೀಕರಿಸುತ್ತದೆ. 100 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 400 ಮೆಗಾಬೈಟ್ ಆಯಿತು. ಹೀಗೆ 1 ಮೆಗಾಬೈಟಿನ ಭಾಗಶಃ ಬಿಟ್‌ಸ್ಟ್ರೀಮ್ ತುಂಬಲು 2.5 ಮಿಲಿಸೆಕೆಂಡ್ ಬೇಕು. ಮನುಷ್ಯರ ಕಣ್ಣಿಗೆ ಅದು ಲೆಕ್ಕಕ್ಕಿಲ್ಲದ ಹೊತ್ತಾದರೂ, 200 ಮೆಗಾಹರ್ಟ್ಸ್‌ನಲ್ಲಿ ನಡೆಯುವ ಮಂಡಲಕ್ಕೆ ಅದು 5 ಲಕ್ಷ ಬಡಿತಗಳ ಬಿಡುವು; ಹೊಸ ಮಾಡ್ಯೂಲ್ ಇದಕ್ಕಿಂತ ಬಹಳ ಹೆಚ್ಚು ಹೊತ್ತು ಕೆಲಸ ಮಾಡಿದರೆ ಮಾತ್ರ ಬದಲಾವಣೆ ಲಾಭಕರ. ಕಾಗದದ ಮೇಲಿನ ಈ ವೇಗವೂ ಸುಲಭವಾಗಿ ಕೈಗೆ ಬರುವುದಿಲ್ಲ. ಪ್ರೊಸೆಸರನ್ನೂ ಒಳಗೊಂಡಿರುವ ಜಿಂಕ್ ಚಿಪ್‌ನಲ್ಲಿ ಪ್ರೊಸೆಸರ್ ಕಡೆಯ ದ್ವಾರದಿಂದ ಸಿಗುವುದು ತಯಾರಕರ ದಾಖಲೆಯ ಪ್ರಕಾರವೇ ಸೆಕೆಂಡಿಗೆ ಸುಮಾರು 145 ಮೆಗಾಬೈಟ್. ಬರೆದು ಮುಗಿಯುವವರೆಗೆ ಪ್ರೊಸೆಸರ್ ಕಾಯುತ್ತ ಕೂರಬೇಕಾಗುವುದೂ ಉಂಟು. ಸಿಂಗಪುರದ ನನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಿಳೆಪ್ಪಾಟ್ ವಿಪಿನ್ ಮತ್ತು ಸುಹೈಬ್ ಫಾಹ್ಮಿ 2014ರಲ್ಲಿ ಪ್ರಕಟಿಸಿದ ಜೈಕ್ಯಾಪ್ ಎಂಬ ನಿಯಂತ್ರಕ, ಮೆಮೊರಿಯಿಂದ ಬಿಟ್‌ಗಳನ್ನು ನೇರವಾಗಿ ಐಕ್ಯಾಪ್‌ಗೆ ಸಾಗಿಸಿ 380 ಮೆಗಾಬೈಟ್‌ಗೂ ಮಿಕ್ಕ ವೇಗವನ್ನು ಮುಟ್ಟಿತು. ಈ ಕ್ಷೇತ್ರದ ವಿಸ್ತಾರವಾದ ಸಮೀಕ್ಷೆಯೊಂದನ್ನು ಇವರಿಬ್ಬರೇ 2018ರಲ್ಲಿ ಬರೆದಿದ್ದಾರೆ.

ಗಾತ್ರದ ತೊಡಕು ವೇಗಕ್ಕೆ ಮುಗಿಯುವುದಿಲ್ಲ. ಒಂದು ವಲಯಕ್ಕೆಂದು ಮಾಡಿದ ಬಿಟ್‌ಸ್ಟ್ರೀಮ್ ಇನ್ನೊಂದು ವಲಯಕ್ಕೆ ಒಗ್ಗುವುದಿಲ್ಲ. ಮೂರು ವಲಯಗಳಲ್ಲಿ ಎಲ್ಲಿ ಬೇಕಾದರೂ ನಾಲ್ಕು ಮಾಡ್ಯೂಲ್‌ಗಳನ್ನು ಕೂರಿಸಬೇಕಾದರೆ ಹನ್ನೆರಡು ಫೈಲುಗಳನ್ನು ತಯಾರಿಸಿ ಇರಿಸಿಕೊಳ್ಳಬೇಕು. ಫ್ರೇಮಿನ ವಿಳಾಸವನ್ನಷ್ಟೇ ತಿದ್ದಿ ಒಂದೇ ಫೈಲನ್ನು ಹಲವು ಕಡೆ ಬಳಸುವ ಸ್ಥಳಾಂತರ ವಿಧಾನಗಳು ಸಂಶೋಧನೆಯಲ್ಲಿವೆಯಾದರೂ, ವಲಯಗಳ ಒಳರಚನೆ ಒಂದೇ ತೆರನಾಗಿರಬೇಕು, ಸ್ಥಿರ ಭಾಗದ ತಂತಿಗಳು ಅವುಗಳೊಳಗೆ ಹಾಯಬಾರದು ಎಂಬ ಷರತ್ತುಗಳು ಅವಕ್ಕೆ ಅಂಟಿಕೊಂಡಿವೆ. ವಲಯದ ಅಳತೆಯನ್ನು ಅಲ್ಲಿಗೆ ಬರುವ ಅತಿ ದೊಡ್ಡ ಮಾಡ್ಯೂಲಿಗೆ ತಕ್ಕಂತೆ ನಿಗದಿ ಮಾಡಬೇಕಾದ್ದರಿಂದ ಚಿಕ್ಕವು ಬಂದಾಗ ಜಾಗ ವ್ಯರ್ಥವಾಗುತ್ತದೆ. ಚಿಪ್‌ನ ಜಾಗ ಉಳಿಸುವುದೇ ಮುಖ್ಯ ಲಾಭವೆಂದು ಪಠ್ಯಗಳು ಹೇಳುತ್ತ ಬಂದಿದ್ದರೂ, ಈ ವ್ಯರ್ಥವನ್ನೂ ಎಲ್ಲೆಯ ಮಂಡಲಗಳನ್ನೂ ಲೆಕ್ಕಕ್ಕೆ ತಂದರೆ ಅನೇಕ ಸಣ್ಣ ವಿನ್ಯಾಸಗಳಲ್ಲಿ ತುಸು ದೊಡ್ಡ ಚಿಪ್ ಕೊಳ್ಳುವುದೇ ಅಗ್ಗವಾಗಿ ಬೀಳುತ್ತದೆ.

ಬೆಂಗಳೂರಿನ ರಿಡಿಫೈನ್

ಬಿಟ್‌ಗಳ ಭಾರವನ್ನು ಇಳಿಸುವ ಒಂದು ದಾರಿ, ಚಿಪ್‌ಗೆ ಪ್ರತಿಯೊಂದು ಗೇಟನ್ನೂ ತಂತಿಯನ್ನೂ ವಿವರಿಸುವುದನ್ನೇ ಬಿಟ್ಟು, ಕೂಡುವ, ಗುಣಿಸುವ, ಹೋಲಿಸುವ ಸಿದ್ಧ ಘಟಕಗಳನ್ನು ಸಿಲಿಕಾನಿನಲ್ಲಿ ಸ್ಥಿರವಾಗಿ ಕಟ್ಟಿ, ಯಾವ ಘಟಕ ಯಾವ ಕೆಲಸ ಮಾಡಿ ಫಲವನ್ನು ಯಾರಿಗೆ ಕಳುಹಿಸಬೇಕು ಎಂಬುದನ್ನು ಮಾತ್ರ ಬದಲಾಗಲು ಬಿಡುವುದು. ಇಂಥವನ್ನು ಸ್ಥೂಲಕಣದ ಮರುಸಂರಚನಾ ಜಾಲಗಳು ಎನ್ನಬಹುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪೈಪ್‌ರೆಂಚ್, ಬೆಲ್ಜಿಯಮ್ಮಿನ ಐಮೆಕ್ ಸಂಸ್ಥೆಯ ಆಡ್ರೆಸ್ ಈ ಕುಲದವು. ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಕ್ಯಾಡ್ ಪ್ರಯೋಗಾಲಯದಲ್ಲಿ ಪ್ರಾಧ್ಯಾಪಕ ಎಸ್. ಕೆ. ನಂದಿಯವರ ನೇತೃತ್ವದಲ್ಲಿ, ರಂಜನಿ ನಾರಾಯಣ್ ಅವರ ಸಹಭಾಗಿತ್ವದೊಂದಿಗೆ ರೂಪುಗೊಂಡ ರಿಡಿಫೈನ್ ಈ ಕುಲಕ್ಕೆ ಸೇರಿದ್ದು. ಇದರ ವಿವರವಾದ ನಿರೂಪಣೆ 2009ರಲ್ಲಿ ಎಸಿಎಮ್‌ನ ಎಂಬೆಡೆಡ್ ಕಂಪ್ಯೂಟಿಂಗ್ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಆ ಲೇಖನದ ಶೀರ್ಷಿಕೆಯಲ್ಲೇ ಇದನ್ನು ಚಾಲನಾಕಾಲದಲ್ಲಿ ಮರುಸಂರಚಿಸಬಲ್ಲ ಬಹುರೂಪಿ ಏಸಿಕ್ ಎಂದು ಕರೆಯಲಾಗಿದೆ. ಏಸಿಕ್ ಎಂದರೆ ಒಂದೇ ಕೆಲಸಕ್ಕಾಗಿ ಕಡೆದ ಚಿಪ್. ಅದರ ವೇಗವನ್ನು ಉಳಿಸಿಕೊಂಡೇ ರೂಪ ಬದಲಿಸುವ ಶಕ್ತಿಯನ್ನು ಸೇರಿಸುವ ಹಂಬಲ ಆ ಹೆಸರಿನಲ್ಲಿದೆ.

ರಿಡಿಫೈನ್‌ನಲ್ಲಿ ಮಂಡಲವನ್ನು ವೆರಿಲಾಗ್‌ನಲ್ಲಿ ಬರೆಯುವ ಅಗತ್ಯವಿಲ್ಲ. ಸಿ ಭಾಷೆಯ ಪ್ರೋಗ್ರಾಮನ್ನೇ ಕಂಪೈಲರ್ ತೆಗೆದುಕೊಂಡು, ಯಾವ ಲೆಕ್ಕದ ಫಲ ಯಾವ ಲೆಕ್ಕಕ್ಕೆ ಬೇಕು ಎಂಬ ದತ್ತಪ್ರವಾಹದ ನಕ್ಷೆಯಾಗಿ ಮಾರ್ಪಡಿಸಿ, ಆ ನಕ್ಷೆಯನ್ನು ಹೈಪರ್‌ಆಪ್ ಎಂಬ ತುಂಡುಗಳಾಗಿ ಕತ್ತರಿಸುತ್ತದೆ. ಕತ್ತರಿಸುವಾಗ ಎರಡು ನಿಯಮಗಳು ಪಾಲನೆಯಾಗುತ್ತವೆ: ತುಂಡಿನೊಳಗೆ ಸುತ್ತುದಾರಿ ಇರಕೂಡದು, ಮತ್ತು ತುಂಡಿನಿಂದ ಹೊರಟ ಫಲ ಬೇರೆ ತುಂಡಿಗೆ ಹೋಗಿ ಮರಳಿ ಅದೇ ತುಂಡಿಗೆ ಬರಕೂಡದು. ಇದರಿಂದ ಬೇಕಾದ ಎಲ್ಲ ಇನ್‌ಪುಟ್‌ಗಳೂ ಬಂದು ಸೇರಿದ ಹೈಪರ್‌ಆಪ್ ನಡುವೆ ಯಾರಿಗೂ ಕಾಯದೆ ಕೊನೆತನಕ ನಡೆಯುತ್ತದೆ ಎಂಬ ಖಾತ್ರಿ ದೊರೆಯುತ್ತದೆ. ಹಾಗೆ ಸಿದ್ಧವಾದ ಹೈಪರ್‌ಆಪ್‌ಗೆ ಚಿಪ್‌ನ ಸಂಪನ್ಮೂಲ ನಿರ್ವಾಹಕ ಭಾಗವು ಬಿಡುವಾಗಿರುವ ಗಣನಘಟಕಗಳನ್ನು ಹುಡುಕಿ ಕೊಡುತ್ತದೆ, ಆದೇಶಗಳೂ ದತ್ತಾಂಶವೂ ಜೇನುಗೂಡಿನ ವಿನ್ಯಾಸದಲ್ಲಿ ಜೋಡಿಸಿದ ಒಳಜಾಲದ ಮೂಲಕ ಆ ಘಟಕಗಳನ್ನು ತಲುಪುತ್ತವೆ, ಕೆಲಸ ಮುಗಿದೊಡನೆ ಘಟಕಗಳು ಮುಂದಿನ ಹೈಪರ್‌ಆಪ್‌ಗೆ ತೆರವಾಗುತ್ತವೆ. ಎಫ್‌ಪಿಜಿಎಯಲ್ಲಿ ವಿನ್ಯಾಸಕರು ಮುಂಚಿತವಾಗಿ ನೆಲ ಹಂಚಿ, ಎಲ್ಲೆ ಕಟ್ಟಿ, ವಲಯಕ್ಕೊಂದರಂತೆ ಫೈಲು ಮಾಡಿಡಬೇಕಾದ ಕೆಲಸ ಇಲ್ಲಿ ಚಾಲನಾಕಾಲದಲ್ಲಿ ಯಂತ್ರವೇ ಮಾಡಿಕೊಳ್ಳುವ ಕೆಲಸವಾಗಿದೆ. ತಂತಿಗಳ ಸ್ವಿಚ್‌ಗಳನ್ನು ಒಂದೊಂದಾಗಿ ವಿವರಿಸುವ ಬದಲು ಫಲ ಯಾವ ಘಟಕಕ್ಕೆ ಹೋಗಬೇಕೆಂಬ ವಿಳಾಸವನ್ನಷ್ಟೇ ಕೊಟ್ಟರೆ ಸಾಕಾಗುವುದರಿಂದ, ಬಿಟ್‌ಸ್ಟ್ರೀಮಿನಲ್ಲಿ ಸಿಂಹಪಾಲು ಪಡೆಯುತ್ತಿದ್ದ ಹೊರೆಯೇ ಇಳಿದುಹೋಗುತ್ತದೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಐದು ಬಿಟ್‌ಗಳ ಎಣಿಕೆ, ಬಿಟ್‌ಗಳ ಅದಲುಬದಲು ಮುಂತಾದ ಸೂಕ್ಷ್ಮ ಕೆಲಸಗಳಿಗೆ ಅಗಲವಾದ ಸಿದ್ಧ ಘಟಕಗಳು ದುಂದಾಗುತ್ತವೆ. ಗೂಢಲಿಪಿ ಕ್ರಮವಿಧಿಗಳಲ್ಲಿ ಇಂಥ ಕೆಲಸಗಳೇ ಹೆಚ್ಚು. ಅದಕ್ಕಾಗಿ ಗಣನಘಟಕಗಳಿಗೆ ಆಯಾ ಕ್ಷೇತ್ರಕ್ಕೆ ತಕ್ಕ ವಿಶೇಷ ಉಪಘಟಕಗಳನ್ನು ಜೋಡಿಸುವ ಅವಕಾಶವನ್ನು ರಿಡಿಫೈನ್ ಇರಿಸಿಕೊಂಡಿತು. ಮುಂದೆ ಇದೇ ಗುಂಪಿನವರು, ಮತ್ತೆ ಮತ್ತೆ ನಡೆಯುವ ಲೆಕ್ಕದ ಸರಣಿಯನ್ನು ಒಮ್ಮೆ ಜೋಡಿಸಿಕೊಂಡು ಹಲವು ಸಲ ಬಳಸುವ ಹೈಪರ್‌ಸೆಲ್ ಎಂಬ ದತ್ತಪಥವನ್ನು ರೂಪಿಸಿದರು. ಫರ್ಹಾದ್ ಮರ್ಚಂಟ್ ಮೊದಲಾದವರು ಮಾತೃಕೆಗಳ ಬೀಜಗಣಿತದ ಲೆಕ್ಕಗಳನ್ನು ರಿಡಿಫೈನ್ ಮೇಲೆ ವೇಗಗೊಳಿಸುವ ಕೆಲಸ ಮಾಡಿದರು. ಈ ವಾಸ್ತುರಚನೆಯನ್ನು ಮಾರುಕಟ್ಟೆಗೆ ಒಯ್ಯುವ ಉದ್ದೇಶದಿಂದ ಮಾರ್ಫಿಂಗ್ ಮಷೀನ್ಸ್ ಎಂಬ ಬೆಂಗಳೂರಿನ ಕಂಪನಿ ಹುಟ್ಟಿಕೊಂಡಿದೆ. ಕಟ್ಟುನಿಟ್ಟಾದ ಅರ್ಥದಲ್ಲಿ ರಿಡಿಫೈನ್ ಎಫ್‌ಪಿಜಿಎಯ ಭಾಗಶಃ ಮರುಸಂರಚನೆಯಲ್ಲ, ಅದರ ದಾಯಾದಿ. ಆದರೆ ಇಬ್ಬರೂ ಬೆನ್ನಟ್ಟಿದ ಗುರಿ ಒಂದೇ ಆಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಅಳೆಯುವುದು ಕಷ್ಟ.

ಬಳಕೆಗಳು

ಚಾಲನಾಕಾಲದಲ್ಲಿ ಬದಲಾವಣೆ ಬೇಕೆಂದ ಮಾತ್ರಕ್ಕೆ ಬಿಟ್‌ಸ್ಟ್ರೀಮನ್ನೇ ಬದಲಿಸಬೇಕೆಂದಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ರೇಡಿಯೋ ದೂರದರ್ಶಕಕ್ಕಾಗಿ ರೂಪಿಸಿ ಕಟ್ಟಿದ ಡಿಜಿಟಲ್ ರಿಸೀವರ್‌ಗಳು ಇದಕ್ಕೆ ಒಳ್ಳೆಯ ನಿದರ್ಶನ. ಅವುಗಳಲ್ಲಿನ ಎಫ್‌ಪಿಜಿಎಗಳು ಆಂಟೆನಾಗಳಿಂದ ಬಂದ ಸಂಕೇತವನ್ನು 1.28 ಮೆಗಾಹರ್ಟ್ಸ್ ಅಗಲದ 256 ಪಟ್ಟಿಗಳಾಗಿ ಸೀಳಿ, ಖಗೋಳಜ್ಞರು ಕೇಳಿದ 24 ಪಟ್ಟಿಗಳನ್ನು, ಅಂದರೆ 30.72 ಮೆಗಾಹರ್ಟ್ಸ್ ಅಗಲವನ್ನು ಆರಿಸಿ ಮುಂದಕ್ಕೆ ಕಳುಹಿಸುತ್ತವೆ. ವೀಕ್ಷಣೆಯಿಂದ ವೀಕ್ಷಣೆಗೆ ಪಟ್ಟಿಗಳು ಬದಲಾದರೂ ಸೀಳುವ ಮಂಡಲ ಅದೇ ಇರುತ್ತದೆ, ಆಯ್ಕೆಯ ಸಂಖ್ಯೆಗಳು ಮಾತ್ರ ಬದಲಾಗುತ್ತವೆ. ಸಂಖ್ಯೆ ಬದಲಿಸಿದರೆ ಸಾಲುವ ಕಡೆ ಮಂಡಲವನ್ನು ಬದಲಿಸಹೋಗುವುದು ಹೊಸಬರು ಸಾಮಾನ್ಯವಾಗಿ ಮಾಡುವ ದುಂದು. ಭಾಗಶಃ ಮರುಸಂರಚನೆ ಸಲ್ಲುವುದು ಮಾಡ್ಯೂಲ್‌ಗಳ ರಚನೆಯೇ ಒಂದಕ್ಕೊಂದು ಬೇರೆಯಾಗಿದ್ದು, ಅವು ಒಂದೇ ಹೊತ್ತಿಗೆ ಬೇಡವಾಗಿದ್ದಾಗ: ಹಲವು ಬಗೆಯ ತರಂಗರೂಪಗಳನ್ನು ನಿಭಾಯಿಸಬೇಕಾದ ಸಾಫ್ಟ್‌ವೇರ್ ರೇಡಿಯೋಗಳಲ್ಲಿ, ಹಗಲಿಗೊಂದು ರಾತ್ರಿಗೊಂದು ಚಿತ್ರಸಂಸ್ಕರಣೆ ಬೇಕಾದ ವಾಹನದ ಕ್ಯಾಮರಾಗಳಲ್ಲಿ.

ದತ್ತಕೇಂದ್ರಗಳಲ್ಲಿ ಇದರ ಉಪಯೋಗಕ್ಕೆ ಬೇರೆಯೇ ಕಾರಣವಿದೆ. ಅಮೆಜಾನ್ 2016ರಲ್ಲಿ ಪ್ರಕಟಿಸಿದ ಎಫ್1 ಸೇವೆಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಎಫ್‌ಪಿಜಿಎಯ ಸ್ಥಿರ ಭಾಗ ಕಂಪನಿಯ ಹಿಡಿತದಲ್ಲೇ ಉಳಿದು ಸರ್ವರ್‌ನೊಂದಿಗಿನ ಸಂಪರ್ಕವನ್ನು ನೋಡಿಕೊಳ್ಳುತ್ತಿತ್ತು, ಗ್ರಾಹಕರ ಮಂಡಲ ಬದಲಾಗುವ ವಲಯಕ್ಕೆ ಬಂದು ಕೂರುತ್ತಿತ್ತು. ಗ್ರಾಹಕ ಬದಲಾದಾಗ ಸರ್ವರನ್ನು ಮತ್ತೆ ಚಾಲೂ ಮಾಡಬೇಕಿರಲಿಲ್ಲ, ಗ್ರಾಹಕರ ತಪ್ಪಿನಿಂದ ಸಂಪರ್ಕ ಕೆಡುತ್ತಲೂ ಇರಲಿಲ್ಲ. ಇಲ್ಲಿ ಭಾಗಶಃ ಮರುಸಂರಚನೆಯ ಬೆಲೆ ಇರುವುದು ಜಾಗದ ಉಳಿತಾಯದಲ್ಲಲ್ಲ, ಒಡೆತನದ ಗಡಿ ಹಾಕುವುದರಲ್ಲಿ.

ಬಾಹ್ಯಾಕಾಶದಲ್ಲಿ ವಿಕಿರಣದ ಕಣವೊಂದು ಸಂರಚನಾ ಸ್ಮೃತಿಯ ಒಂದು ಬಿಟ್ಟನ್ನು ತಿರುಚಿದರೆ ದತ್ತಾಂಶ ಮಾತ್ರ ಕೆಡದೆ ಮಂಡಲವೇ ಬದಲಾಗುತ್ತದೆ. ಇದಕ್ಕೆ ಮದ್ದೆಂದರೆ ಫ್ರೇಮ್‌ಗಳನ್ನು ಒಂದಾದ ಮೇಲೊಂದರಂತೆ ಸದಾ ಓದಿ, ತಪ್ಪು ಕಂಡಲ್ಲಿ ಸರಿಯಾದ ಬಿಟ್‌ಗಳನ್ನು ಮತ್ತೆ ಬರೆಯುತ್ತಿರುವುದು. ಇದಕ್ಕೆ ಸ್ಕ್ರಬ್ಬಿಂಗ್ ಎನ್ನುತ್ತಾರೆ. 2007ರಲ್ಲಿ ಹಾರಿದ, ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಸಿಬೋಲಾ ಉಪಗ್ರಹ ಒಂಬತ್ತು ವರ್ಟೆಕ್ಸ್ ಚಿಪ್‌ಗಳಲ್ಲಿ ಈ ವಿಧಾನವನ್ನು ಬಳಸಿತು. ಲುಕಪ್ ಟೇಬಲ್‌ಗಳನ್ನೇ ಚಿಕ್ಕ ಮೆಮೊರಿಗಳಾಗಿ ಬಳಸಿದ ವಿನ್ಯಾಸಗಳಲ್ಲಿ ಸ್ಕ್ರಬ್ಬಿಂಗ್ ಆ ಮೆಮೊರಿಯಲ್ಲಿನ ಹೊಸ ದತ್ತಾಂಶವನ್ನು ಅಳಿಸಿ ಹಳೆಯದನ್ನು ಬರೆದುಬಿಡುವ ಅಪಾಯವಿದ್ದು, ಅಂಥ ಫ್ರೇಮ್‌ಗಳನ್ನು ಹೊರತುಪಡಿಸಬೇಕಾಗುತ್ತದೆ.

ಸುರಕ್ಷತೆ ಮತ್ತು ವಿನ್ಯಾಸದ ಸಾಧನಗಳು

ಮಂಡಲವನ್ನು ಹೊರಗಿನಿಂದ ತರಬಹುದಾದರೆ ಕೆಟ್ಟ ಮಂಡಲವನ್ನೂ ತರಬಹುದು. ಬಿಟ್‌ಸ್ಟ್ರೀಮನ್ನು ಗೂಢಲಿಪಿಯಲ್ಲಿ ಕಳುಹಿಸುವ ಏರ್ಪಾಟು ಇದ್ದರೂ, 2020ರಲ್ಲಿ ಜರ್ಮನಿಯ ಬೋಹುಮ್‌ನ ಸಂಶೋಧಕರು ಸ್ಟಾರ್‌ಬ್ಲೀಡ್ ಎಂಬ ದೋಷವನ್ನು ಪ್ರಕಟಿಸಿ, 7ನೆಯ ಸರಣಿಯ ಚಿಪ್‌ಗಳು ಗೂಢಲಿಪಿಯಿಂದ ಬಿಡಿಸಿದ ಪದಗಳನ್ನು ರೀಸೆಟ್ ಆದ ಮೇಲೂ ಅಳಿಯದ ಒಂದು ರಿಜಿಸ್ಟರ್‌ನಲ್ಲಿ ಬಿಟ್ಟುಕೊಡುವಂತೆ ಮಾಡಬಹುದೆಂದು ತೋರಿಸಿದರು. ದೋಷ ಸಿಲಿಕಾನಿನಲ್ಲೇ ಇದ್ದುದರಿಂದ ಅದನ್ನು ಸಾಫ್ಟ್‌ವೇರಿನಿಂದ ತಿದ್ದಲು ಬರುವಂತಿರಲಿಲ್ಲ. ಒಂದೇ ಚಿಪ್ಪನ್ನು ಇಬ್ಬರು ಹಂಚಿಕೊಂಡಾಗ, ಒಬ್ಬರ ವಲಯದಲ್ಲಿ ಒಟ್ಟಿಗೆ ಮಿಡಿಯುವ ಸಾವಿರಾರು ಆಂದೋಲಕಗಳನ್ನು ತುಂಬಿ ವಿದ್ಯುತ್ ಒತ್ತಡವನ್ನು ಕುಸಿಯುವಂತೆ ಮಾಡಿ ಇನ್ನೊಬ್ಬರ ಲೆಕ್ಕವನ್ನು ಕೆಡಿಸಬಹುದೆಂಬುದೂ ಸಿದ್ಧವಾಗಿದೆ. ಅಮೆಜಾನ್ ತನ್ನ ಗ್ರಾಹಕರ ವಿನ್ಯಾಸಗಳಲ್ಲಿ ಇಂಥ ಆಂದೋಲಕಗಳನ್ನು ಹುಟ್ಟಿಸುವ ಸುತ್ತುತರ್ಕ, ಅಂದರೆ ಔಟ್‌ಪುಟ್ ಮರಳಿ ತನ್ನದೇ ಇನ್‌ಪುಟ್‌ಗೆ ಸೇರುವ ಮಂಡಲ ಇದ್ದರೆ ಸ್ವೀಕರಿಸುವುದಿಲ್ಲ.

ಪರೀಕ್ಷೆಯ ಕಷ್ಟ ಇನ್ನೊಂದು ಬಗೆಯದು. ವೆರಿಲಾಗ್ ಆಗಲಿ ವಿಎಚ್‌ಡಿಎಲ್ ಆಗಲಿ ಮಂಡಲ ಹುಟ್ಟಿದಂತೆಯೇ ಕೊನೆಯವರೆಗೂ ಇರುತ್ತದೆಂಬ ನಂಬಿಕೆಯ ಮೇಲೆ ನಿಂತ ಭಾಷೆಗಳು. ಮಂಡಲವೊಂದು ನಡುವೆ ಮಾಯವಾಗಿ ಇನ್ನೊಂದು ಬರುತ್ತದೆ ಎಂದು ಹೇಳುವ ಪದ ಅವುಗಳಲ್ಲಿಲ್ಲ. ಎಲ್ಲ ಮಾಡ್ಯೂಲ್‌ಗಳನ್ನೂ ಒಟ್ಟಿಗೆ ಇರಿಸಿ ಒಂದನ್ನು ಆರಿಸುವ ಸ್ವಿಚ್ ಬಳಸಿ ಸಿಮ್ಯುಲೇಶನ್ ನಡೆಸುವುದು ರೂಢಿಯಾದರೂ, ಬದಲಾವಣೆ ನಡೆಯುತ್ತಿರುವ ನಡುಗಾಲದ ದೋಷಗಳು ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಲಿಂಗ್‌ಕಾನ್ ಗಾಂಗ್ ಮತ್ತು ಆಲಿವರ್ ಡೀಸೆಲ್ ರೂಪಿಸಿದ ರಿಸಿಮ್ ಎಂಬ ಸಾಧನ, ನಿಜವಾದ ಬಿಟ್‌ಗಳ ಬದಲು ಗುರುತಿನ ಪದಗಳುಳ್ಳ ಅಣಕು ಬಿಟ್‌ಸ್ಟ್ರೀಮನ್ನು ಹರಿಸಿ, ಆ ಹೊತ್ತಿನಲ್ಲಿ ಎಲ್ಲೆಯ ತಂತಿಗಳಿಗೆ ತಪ್ಪು ಬೆಲೆಗಳನ್ನು ಚುಚ್ಚಿ, ಕಟ್ಟು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುತ್ತದೆ.

ತುಂಬಲು ಮಿಲಿಸೆಕೆಂಡುಗಳು ಸಾಕಾದ ಮಾಡ್ಯೂಲನ್ನು ತಯಾರಿಸಲು ದೊಡ್ಡ ಚಿಪ್‌ಗಳಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ಏಕೆಂದರೆ ಪ್ರತಿ ಮಾಡ್ಯೂಲನ್ನೂ ಈಗಾಗಲೇ ಕಟ್ಟಿ ಮುಗಿಸಿದ ಸ್ಥಿರ ಭಾಗದ ಸನ್ನಿವೇಶದೊಳಗೆ ಇರಿಸಿ ತಂತಿಗಳ ದಾರಿ ಹುಡುಕಬೇಕಾಗುತ್ತದೆ. ಸ್ಥಿರ ಭಾಗದ ಎಲ್ಲೆಯ ವಿವರಗಳನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಮರೆಮಾಡುವ ವಿಧಾನವನ್ನು ಈಚಿನ ಸಾಫ್ಟ್‌ವೇರ್ ಒದಗಿಸಿದ್ದು, ಒಂದು ವಲಯದೊಳಗೆ ಇನ್ನೊಂದು ವಲಯವನ್ನು ಹುದುಗಿಸುವ ಅವಕಾಶವೂ ಬಂದಿದೆ. ಜೈಲಿಂಕ್ಸ್ 2018ರಲ್ಲಿ ಘೋಷಿಸಿದ ವರ್ಸಾಲ್ ಸರಣಿಯ ಹಲವು ಮಾದರಿಗಳಲ್ಲಿ ಎಫ್‌ಪಿಜಿಎಯ ಸೂಕ್ಷ್ಮ ನೆಲದ ಪಕ್ಕದಲ್ಲೇ ಆದೇಶಗಳನ್ನು ನಡೆಸುವ ಗಣನಘಟಕಗಳ ಒಂದು ಸ್ಥೂಲ ಜಾಲವನ್ನೂ, ಎರಡನ್ನೂ ಸೇರಿಸುವ ಸಿದ್ಧ ಒಳಜಾಲವನ್ನೂ ಒಂದೇ ಚಿಪ್‌ನಲ್ಲಿ ಇರಿಸಲಾಗಿದೆ. ಸೂಕ್ಷ್ಮ ನೆಲದ ಕೆಲಸವನ್ನು ಬದಲಿಸಲು ಅಲ್ಲಿ ಈಗಲೂ ಫ್ರೇಮ್‌ಗಳನ್ನು ಬರೆಯಬೇಕು; ಸ್ಥೂಲ ಜಾಲದ ಘಟಕವೊಂದಕ್ಕೆ ಬೇರೆ ಕೆಲಸ ಕೊಡಲು ಅದರ ಪ್ರೋಗ್ರಾಂ ಸ್ಮೃತಿಗೆ ಹೊಸ ಆದೇಶಗಳನ್ನು ತುಂಬಿದರೆ ಸಾಕು.